ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಳೆಯ ರೇಸ್ ಟ್ರ್ಯಾಕುಗಳ ಅಭಿಮಾನಿಗಳಿಗೆ



ನೀವು ನಾಲ್ಕು ಜನ ಕೂತಲ್ಲಿ ಯಾವ ಹೆಸರುಗಳು ಬರುತ್ತವೆ ಎಂದು ಮೊದಲೇ ಹೇಳಿಬಿಡಬಹುದು. ಬೆಲ್ಜಿಯಂನ ಹದಿನಾಲ್ಕು ಕಿಲೋಮೀಟರಿನ ಹಳೆಯ ಸ್ಪಾ, ಜರ್ಮನಿಯ ಐಫೆಲ್ ಬೆಟ್ಟಗಳ ನಡುವಿನ ನ್ಯೂರ್‌ಬರ್ಗ್‌ರಿಂಗ್, ಇಟಲಿಯ ಮಾಂಜಾದಲ್ಲಿ ಗೋಡೆಯಂತೆ ಓರೆಯಾಗಿ ಎದ್ದ ಕಾಂಕ್ರೀಟ್ ತಿರುವು, ಫ್ರಾನ್ಸಿನ ರೀಮ್ಸ್ ಪಕ್ಕ ಹೊಲಗಳ ಮಧ್ಯೆ ಹಾದುಹೋಗುವ ನೇರದಾರಿ. ಬೆನ್ನಿಗೇ ಕಾರುಗಳು: ಮಸೆರಾಟಿ 250ಎಫ್, ಲೋಟಸ್ 49, ಪೋರ್ಷೆ 917. ಆಮೇಲೆ ಒಂದು ಗಳಿಗೆ ಮೌನ, ಮೌನದ ನಂತರ ಆ ಮಾತು: ಸುರಕ್ಷತೆ, ಸುರಕ್ಷತೆ ಅಂತ ಹೇಳಿಕೊಂಡು ಎಲ್ಲವನ್ನೂ ಹಾಳುಮಾಡಿಬಿಟ್ಟರು. ಈ ಪತ್ರ ಬರೆಯುತ್ತಿರುವುದು ಆ ಕೊನೆಯ ಮಾತಿಗಾಗಿ. ನಿಮ್ಮ ಪ್ರೀತಿಯ ಬಗ್ಗೆ ನನ್ನದೇನೂ ತಕರಾರಿಲ್ಲ, ಆ ಟ್ರ್ಯಾಕುಗಳು ನನಗೂ ಪ್ರಿಯ. ಏನೋ ಒಂದು ಕಳೆದುಹೋಗಿದೆ ಎಂಬ ನಿಮ್ಮ ಅನಿಸಿಕೆಯೂ ಸರಿ. ಆದರೆ ಕಳ್ಳತನದ ದೂರನ್ನು ನೀವು ಕೊಡುತ್ತಿರುವುದು ತಪ್ಪು ಮನುಷ್ಯನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಐವತ್ತು ವರ್ಷಗಳಿಂದ ಎಮ್ಮೆಯ ಮೈಮೇಲೆ ಬರೆ ಬೀಳುತ್ತಲೇ ಇದೆ, ಎತ್ತಿನ ಜ್ವರ ಮಾತ್ರ ಏರುತ್ತಲೇ ಇದೆ.

ಸ್ಪಾದಿಂದಲೇ ಶುರುಮಾಡೋಣ, ಏಕೆಂದರೆ ಅಲ್ಲಿ ಲೆಕ್ಕ ಸ್ವಚ್ಛವಾಗಿದೆ. ಫ್ರಾಂಕೋರ್ಶಾಂ, ಮಾಲ್ಮೆಡಿ, ಸ್ಟಾವ್ಲೊ ಎಂಬ ಮೂರು ಊರುಗಳ ನಡುವಿನ ಸಾರ್ವಜನಿಕ ರಸ್ತೆಗಳೇ ಆ ಟ್ರ್ಯಾಕು. ರೇಸ್ ಇಲ್ಲದ ದಿನ ಅಲ್ಲಿ ಹಾಲಿನ ಗಾಡಿ ಓಡಾಡುತ್ತಿತ್ತು. 1950ರ ಗ್ರ್ಯಾನ್ ಪ್ರಿಯಲ್ಲಿ ಅತಿವೇಗದ ಲ್ಯಾಪ್ ಗಂಟೆಗೆ ಸುಮಾರು 185 ಕಿಲೋಮೀಟರ್ ಸರಾಸರಿಯದು. 1970ರಲ್ಲಿ, ಹಳೆಯ ಸ್ಪಾದ ಕೊನೆಯ ಗ್ರ್ಯಾನ್ ಪ್ರಿಯಲ್ಲಿ, ಕ್ರಿಸ್ ಏಮನ್ ಅದನ್ನು 244ಕ್ಕೆ ಒಯ್ದರು. 1973ರ ಸಾವಿರ ಕಿಲೋಮೀಟರ್ ರೇಸಿನಲ್ಲಿ ಆಂರಿ ಪೆಸ್ಕರೋಲೊ ಮಾತ್ರಾ ಕಾರಿನಲ್ಲಿ 262 ಮುಟ್ಟಿದರು. ಇಪ್ಪತ್ಮೂರು ವರ್ಷದಲ್ಲಿ ವೇಗ ಎಪ್ಪತ್ತೇಳು ಕಿಲೋಮೀಟರ್ ಏರಿತು. ರಸ್ತೆಬದಿಯ ಮನೆಗಳು, ತಂತಿಕಂಬಗಳು, ಮರಗಳು ಇದ್ದಲ್ಲೇ ಇದ್ದವು. ಡಿಕ್ಕಿಯ ಹೊಡೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬ ಶಾಲೆಯ ಪಾಠ ನೆನಪಿದ್ದರೆ ಒಂದು ಗುಣಾಕಾರ ಮಾಡಿ ನೋಡಿ: 1950ರ ಕಾರಿನದಕ್ಕಿಂತ 1973ರ ಅಷ್ಟೇ ತೂಕದ ಕಾರು ಅದೇ ಕಂಬಕ್ಕೆ ಕೊಡುತ್ತಿದ್ದ ಹೊಡೆತ ಎರಡು ಪಟ್ಟು. ಅಂದಮೇಲೆ ಹಳೆಯ ಸ್ಪಾವನ್ನು ಕೊಂದವರು ಯಾರು? 1973ರ ಹೊತ್ತಿಗೆ ಅದು 1950ರ ಸ್ಪಾ ಆಗಿ ಉಳಿದಿರಲೇ ಇಲ್ಲ. ಇಂಜಿನಿಯರುಗಳು ಅಗಲ ಟೈರು ತಂದರು, 1968ರಿಂದ ಕಾರಿಗೆ ರೆಕ್ಕೆ ಕಟ್ಟಿದರು, ಅದು ಗಾಳಿಯ ಒತ್ತಡದಿಂದ ಕಾರನ್ನು ನೆಲಕ್ಕೆ ಒತ್ತಿ ಹಿಡಿಯಿತು. ಹಿಂದೆ ಆಕ್ಸಿಲರೇಟರಿನಿಂದ ಕಾಲು ತೆಗೆಯಲೇಬೇಕಿದ್ದ ತಿರುವುಗಳಲ್ಲಿ ಈಗ ಕಾಲು ತೆಗೆಯುವ ಅಗತ್ಯ ಬೀಳಲಿಲ್ಲ. ರಸ್ತೆ ಹಳೆಯದು, ಕಾರು ಹೊಸದು. ಇಬ್ಬರಲ್ಲಿ ಒಬ್ಬರು ಹೋಗಲೇಬೇಕಿತ್ತು. ರಸ್ತೆ ಹೋಯಿತು.

ಇದನ್ನು ಜೋರಾಗಿ ಹೇಳಿದ ಮೊದಲಿಗರಲ್ಲಿ ಚಾಲಕ ಜಾಕಿ ಸ್ಟುವರ್ಟ್ ಒಬ್ಬರು, ಮತ್ತು ನಿಮ್ಮಲ್ಲಿ ಹಲವರು ಇವತ್ತಿಗೂ ಅವರನ್ನು ಕ್ಷಮಿಸಿಲ್ಲ. 1966ರ ಬೆಲ್ಜಿಯಂ ಗ್ರ್ಯಾನ್ ಪ್ರಿಯ ಮೊದಲ ಲ್ಯಾಪಿನಲ್ಲೇ ಮಳೆ ಸುರಿದು, ಹದಿನೈದು ಕಾರುಗಳಲ್ಲಿ ಎಂಟು ಅಲ್ಲೇ ಕೈಬಿಟ್ಟವು. ಸ್ಟುವರ್ಟರ ಬಿಆರ್‌ಎಂ ಕಾರು ಮಾಸ್ಟಾ ಎಂಬಲ್ಲಿ ರಸ್ತೆ ಬಿಟ್ಟು ಹಾರಿ ಬಿತ್ತು. ಸ್ಟೀರಿಂಗಿನಡಿ ಕಾಲು ಸಿಕ್ಕಿಕೊಂಡು, ಮೈಯೆಲ್ಲ ಪೆಟ್ರೋಲಿನಲ್ಲಿ ನೆನೆದು, ಒಂದು ಕಿಡಿ ಹಾರಿದರೆ ಮುಗಿಯಿತು ಎಂಬ ಸ್ಥಿತಿಯಲ್ಲಿ ಅವರು ಸುಮಾರು ಇಪ್ಪತ್ತೈದು ನಿಮಿಷ ಅಲ್ಲೇ ಇದ್ದರು. ಬಿಡಿಸಿದವರು ಮಾರ್ಷಲುಗಳಲ್ಲ; ತಾವೂ ಅಲ್ಲೇ ರಸ್ತೆ ತಪ್ಪಿದ್ದ ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಂಟ್. ಸ್ಟೀರಿಂಗ್ ಕಳಚಲು ಬೇಕಾದ ಸ್ಪ್ಯಾನರನ್ನು ಒಬ್ಬ ಪ್ರೇಕ್ಷಕನ ಟೂಲ್‌ಬಾಕ್ಸಿನಿಂದ ಎರವಲು ಪಡೆದರು. ಆಸ್ಪತ್ರೆಗೆ ಹೊರಟ ಆಂಬುಲೆನ್ಸ್ ದಾರಿ ತಪ್ಪಿತು. ಇದರಲ್ಲಿ ವೀರಗಾಥೆ ಎಲ್ಲಿದೆ? ಅಂದಿನಿಂದ ಸ್ಟುವರ್ಟ್ ತಮ್ಮ ಕಾರಿನೊಳಗೇ ಒಂದು ಸ್ಪ್ಯಾನರನ್ನು ಟೇಪಿನಿಂದ ಅಂಟಿಸಿಕೊಂಡು ಓಡತೊಡಗಿದರು. ಎರಡು ವರ್ಷಗಳ ನಂತರದ ಲೆಕ್ಕ ಇನ್ನೂ ಕಟುವಾದದ್ದು. 1968ರ ಏಪ್ರಿಲ್ 7ರಂದು ಹಾಕನ್‌ಹೈಮ್‌ನಲ್ಲಿ ಜಿಮ್ ಕ್ಲಾರ್ಕ್, ಮೇ 7ರಂದು ಇಂಡಿಯಾನಾಪೊಲಿಸ್‌ನಲ್ಲಿ ಮೈಕ್ ಸ್ಪೆನ್ಸ್, ಜೂನ್ 8ರಂದು ಬೆಟ್ಟ ಹತ್ತುವ ರೇಸೊಂದರಲ್ಲಿ ಲೊಡೊವಿಕೊ ಸ್ಕಾರ್ಫಿಯೊಟ್ಟಿ, ಜುಲೈ 7ರಂದು ರುಆನ್‌ನಲ್ಲಿ ಜೊ ಶ್ಲೆಸರ್. ತಿಂಗಳಿಗೊಂದು ಹೆಣ. ಅದೂ ತಿಂಗಳ ಹಾಲು-ಪತ್ರಿಕೆಯ ಬಿಲ್ಲಿನಂತೆ ಹೆಚ್ಚುಕಮ್ಮಿ ಅದೇ ತಾರೀಖಿಗೆ.

ನ್ಯೂರ್‌ಬರ್ಗ್‌ರಿಂಗ್ ಕತೆ ಬೇರೆ ಎನ್ನುತ್ತೀರಿ. ನಿಜ, ಅದು ಊರ ರಸ್ತೆಯಲ್ಲ, ರೇಸಿಗೆಂದೇ ಕಟ್ಟಿದ್ದು. ಬಡತನ, ನಿರುದ್ಯೋಗದ ಪ್ರದೇಶಕ್ಕೆ ಕೆಲಸ ಕೊಡುವ ಕಾಮಗಾರಿಯಾಗಿ ಶುರುವಾಗಿ 1927ರಲ್ಲಿ ತೆರೆದುಕೊಂಡದ್ದು. ಉತ್ತರ ಭಾಗದ ಉದ್ದ ಆಗ 22.8 ಕಿಲೋಮೀಟರ್, ಅತಿ ಎತ್ತರಕ್ಕೂ ಅತಿ ತಗ್ಗಿಗೂ ಸುಮಾರು ಮುನ್ನೂರು ಮೀಟರ್ ಅಂತರ. ನಮ್ಮವರಿಗೆ ಹೇಳಬೇಕೆಂದರೆ, ಚಾರ್ಮಾಡಿಯನ್ನೂ ಆಗುಂಬೆಯನ್ನೂ ಗಂಟು ಹಾಕಿ ತುದಿಗಳನ್ನು ಜೋಡಿಸಿದಂಥ ದಾರಿ. 1957ರಲ್ಲಿ ನಲವತ್ತಾರರ ವಯಸ್ಸಿನ ಹುವಾನ್ ಮ್ಯಾನುಯೆಲ್ ಫಾಂಜಿಯೊ ಪಿಟ್‌ನಲ್ಲಿ ಸಮಯ ಕಳೆದುಕೊಂಡು, ಹಾಥಾರ್ನ್ ಮತ್ತು ಕಾಲಿನ್ಸರ ಎರಡು ಫೆರಾರಿಗಳನ್ನು ಲ್ಯಾಪಿನ ಮೇಲೆ ಲ್ಯಾಪು ಅಟ್ಟಿಸಿಕೊಂಡು ಬಂದು ಹಿಂದಿಕ್ಕಿದ್ದು ಅಲ್ಲಿ. ಅವರ ಅತಿವೇಗದ ಲ್ಯಾಪು 9 ನಿಮಿಷ 17.4 ಸೆಕೆಂಡು. ಆ ರೇಸನ್ನು ನೀವು ಎಷ್ಟು ಹೊಗಳಿದರೂ ನಾನು ಜೊತೆಗಿದ್ದೇನೆ. ಆದರೆ ಅಲ್ಲೂ ಅದೇ ಲೆಕ್ಕ. 1970ರಲ್ಲಿ ಚಾಲಕರು ಬರುವುದಿಲ್ಲವೆಂದು ಹಟ ಹಿಡಿದ ಮೇಲೆ ದಾರಿಯನ್ನು ಒಂದಿಷ್ಟು ಸರಿಪಡಿಸಿದರು. 1975ರಲ್ಲಿ ನಿಕಿ ಲೌಡಾ ಅದನ್ನು 6 ನಿಮಿಷ 58.6 ಸೆಕೆಂಡಿನಲ್ಲಿ ಸುತ್ತಿದರು. ಮರುವರ್ಷ ಅದೇ ಲೌಡಾ ಈ ರೇಸು ಬೇಡವೆಂದು ಸಹಚಾಲಕರ ಮುಂದೆ ವಾದಿಸಿದರು, ಬಹುಮತ ಸಿಗಲಿಲ್ಲ. 1976ರ ಆಗಸ್ಟ್ 1ರಂದು ಬರ್ಗ್‌ವೆರ್ಕ್ ಬಳಿ ಅವರ ಫೆರಾರಿ ಹೊತ್ತಿ ಉರಿಯಿತು. ಎಳೆದು ತೆಗೆದವರು ಮರ್ಜಾರಿಯೊ, ಎಡ್ವರ್ಡ್ಸ್, ಲಂಗರ್, ಅರ್ಟಲ್ — ನಾಲ್ವರೂ ಹಿಂದಿನಿಂದ ಬಂದ ಚಾಲಕರು. ಇಷ್ಟು ಉದ್ದದ ದಾರಿಯ ಪ್ರತಿ ತಿರುವಿನಲ್ಲೂ ಬೆಂಕಿ ಆರಿಸುವವರನ್ನೂ ವೈದ್ಯರನ್ನೂ ನಿಲ್ಲಿಸುವುದು ಆಗದ ಮಾತು. ಅದನ್ನು ಹೇಳಿದವನು ಅದರ ಮೇಲೆ ಎಲ್ಲರಿಗಿಂತ ವೇಗವಾಗಿ ಓಡಿದವನು ಎಂಬುದನ್ನು ಗಮನಿಸಿ. ಪುಕ್ಕಲರು ಟ್ರ್ಯಾಕು ಮುಚ್ಚಿಸಿದರು ಎಂಬ ನಿಮ್ಮ ಕತೆಗೆ ಲೌಡಾ ಒಗ್ಗುವುದಿಲ್ಲ.

ಈಗ ಸುರಕ್ಷತೆಯ ತಂಟೆಯೇ ಹೆಚ್ಚಾಗಿ ಇಲ್ಲದೆ ಸತ್ತ ಒಂದು ಟ್ರ್ಯಾಕಿಗೆ ಬರೋಣ. ಹಾಕನ್‌ಹೈಮ್. ಸ್ಟೇಡಿಯಮ್ಮಿನಿಂದ ಹೊರಟು ಕಾಡಿನೊಳಗೆ ನುಗ್ಗಿ, ಉದ್ದುದ್ದ ನೇರದಾರಿಗಳಲ್ಲಿ ಮರೆಯಾಗಿ, ಸದ್ದು ಮಾತ್ರ ಕೇಳಿಸುತ್ತ ಮತ್ತೆ ಜನರ ಮುಂದೆ ಪ್ರತ್ಯಕ್ಷವಾಗುವ ಟ್ರ್ಯಾಕು ಅದು. ಕ್ಲಾರ್ಕ್ ಸತ್ತ ನಂತರ ಅಲ್ಲಿ ವೇಗ ತಗ್ಗಿಸುವ ಬಿಗಿ ತಿರುವುಗಳಾದ ಶಿಕೇನ್‌ಗಳನ್ನು ಹಾಕಿ, ತಡೆಬೇಲಿ ಕಟ್ಟಿ, ಅಪಾಯವನ್ನು ಒಂದು ಮಟ್ಟಕ್ಕೆ ಇಳಿಸಿಯಾಗಿತ್ತು. ಹಾಗೆಯೇ ಅದು 2001ರವರೆಗೆ ನಡೆಯಿತು. 2002ರಲ್ಲಿ 6.8 ಕಿಲೋಮೀಟರಿನ ಟ್ರ್ಯಾಕನ್ನು 4.574ಕ್ಕೆ ಕತ್ತರಿಸಿದರು, ರೇಸಿನ ಲ್ಯಾಪುಗಳು 45ರಿಂದ 67ಕ್ಕೆ ಏರಿದವು. ಈ ಎರಡು ಅಂಕಿಗಳಲ್ಲೇ ಕಾರಣ ಕೂತಿದೆ. ಟಿಕೆಟ್ ಕೊಂಡವನ ಮುಂದೆ, ಕ್ಯಾಮೆರಾದ ಮುಂದೆ, ಜಾಹೀರಾತಿನ ಫಲಕದ ಮುಂದೆ ಕಾರು ಇನ್ನೂ ಇಪ್ಪತ್ತೆರಡು ಸಲ ಹೆಚ್ಚಿಗೆ ಹಾಯಬೇಕು. ಕಾಡಿನಲ್ಲಿ ಮರಕ್ಕೆ ಟಿಕೆಟ್ ಮಾರಲು ಬರುವುದಿಲ್ಲ. ಓವರ್‌ಟೇಕಿಂಗ್ ಹೆಚ್ಚಲೆಂದು ಒಂದು ಬಿಗಿಯಾದ ಹೇರ್‌ಪಿನ್ನೂ ಬಂತು. ಕಾಡಿನ ಭಾಗದ ಟಾರನ್ನು ಕಿತ್ತು ಸಸಿ ನೆಟ್ಟರು. ಕ್ಲಾರ್ಕ್ ಹೆಸರಿಟ್ಟಿದ್ದ ಶಿಕೇನೂ ಅದರಲ್ಲೇ ಹೋಯಿತು. ಸ್ಪಾದ ಹಳೆಯ ರಸ್ತೆಯಲ್ಲಿ ಇವತ್ತೂ ಬಾಡಿಗೆ ಕಾರಿನಲ್ಲಿ ಹೋಗಿಬರಬಹುದು, ನ್ಯೂರ್‌ಬರ್ಗ್‌ರಿಂಗ್‌ನ ಉತ್ತರ ಸುತ್ತಿಗೆ ದುಡ್ಡು ಕಟ್ಟಿ ಇಳಿಯಬಹುದು. ಹಾಕನ್‌ಹೈಮ್‌ನ ಕಾಡುದಾರಿಯನ್ನು ಮಾತ್ರ ಹುಡುಕಿ ಸಾಕಾಗಬೇಕು. ಅಷ್ಟೆಲ್ಲ ಮಾಡಿ ಪಡೆದದ್ದೇನು? 2019ರ ನಂತರ ಅಲ್ಲಿ ಫಾರ್ಮುಲಾ ಒನ್ ರೇಸೇ ನಡೆದಿಲ್ಲ. ನೀವು ಸ್ಟುವರ್ಟರನ್ನು ಬೈಯುವ ಹುರುಪಿನ ಕಾಲುಭಾಗವನ್ನು ಈ ವ್ಯಾಪಾರದ ಮೇಲೆ ತೋರಿಸಿದ್ದರೆ ಚೆನ್ನಾಗಿತ್ತು.

ಇದಕ್ಕಿಂತ ಗಟ್ಟಿ ಸಾಕ್ಷಿ ಮೊನಾಕೊ. 1929ರಲ್ಲಿ ಶುರುವಾದಾಗಿನ ದಾರಿಯೇ ಬಹುಮಟ್ಟಿಗೆ ಇವತ್ತಿನ ದಾರಿ. ಅದೇ ಏರು, ಅದೇ ಕ್ಯಾಸಿನೊ ಚೌಕ, ಅದೇ ಹೇರ್‌ಪಿನ್, ಅದೇ ಸುರಂಗ. ತಡೆಬೇಲಿ ಕೈಗೆಟುಕುವಷ್ಟು ಹತ್ತಿರ, ತಪ್ಪಿದರೆ ಕಾರು ಅಲ್ಲೇ ಚೂರು. ಅಂದರೆ ನೀವು ಬೇಕೆನ್ನುವ ಎಲ್ಲವೂ ಅಲ್ಲಿ ಉಳಿದಿದೆ. ರೇಸು ಹೇಗಿರುತ್ತದೆ? ಒಬ್ಬರ ಹಿಂದೆ ಒಬ್ಬರು, ದೇವರ ಉತ್ಸವಕ್ಕೆ ಹೊರಟ ಮೆರವಣಿಗೆ. 2025ರಲ್ಲಿ ಬೇರೆ ದಾರಿ ಕಾಣದೆ ಕನಿಷ್ಠ ಎರಡು ಸಲ ಪಿಟ್‌ಗೆ ಬರಲೇಬೇಕು ಎಂಬ ವಿಶೇಷ ನಿಯಮವನ್ನೇ ಹೇರಿ ನೋಡಿದರು. ಟ್ರ್ಯಾಕು ಬದಲಾಗಿಲ್ಲ ಎಂದಾದರೆ ಬದಲಾದದ್ದು ಯಾವುದು? 1961ರಿಂದ 65ರವರೆಗಿನ ಒಂದೂವರೆ ಲೀಟರ್ ಕಾರುಗಳ ಕನಿಷ್ಠ ತೂಕ 450 ಕಿಲೋ. 2025ರ ಕಾರಿನದು 800 ಕಿಲೋ, ಎರಡು ಮೀಟರ್ ಅಗಲ, ಐದೂವರೆ ಮೀಟರಿಗಿಂತ ಉದ್ದ. ಲೋಟಸ್ 25ರಂಥ ಕಾರು ಬಾಳೆಕಾಯಿಯಷ್ಟು ಸಣ್ಣ, ಇಂದಿನದು ದೋಣಿ. ಓಣಿಯಲ್ಲಿ ಎರಡು ದೋಣಿಗಳನ್ನು ಅಕ್ಕಪಕ್ಕ ಹಾಯಿಸಿ ಎಂದರೆ ಯಾವ ಚಾಲಕ ಏನು ಮಾಡಿಯಾನು? ಎರಡು ವರ್ಷಕ್ಕೊಮ್ಮೆ ಅದೇ ಬೀದಿಗಳಲ್ಲಿ ನಡೆಯುವ ಐತಿಹಾಸಿಕ ಕಾರುಗಳ ರೇಸನ್ನು ನೋಡಿದವರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ: ದಾರಿ ಒಂದೇ, ಕಾರು ಸಣ್ಣದು, ಪಕ್ಕದಲ್ಲಿ ಮೂತಿ ತೂರಿಸಲು ಜಾಗವಿದೆ. ಕಾರು ದಪ್ಪವಾಗಲು ಸುರಕ್ಷತೆಯೂ ಕಾರಣವಲ್ಲವೇ ಎಂದು ನೀವು ಕೇಳಬಹುದು. ಸ್ವಲ್ಪ ಹೌದು. ಡಿಕ್ಕಿ ತಾಳುವ ರಚನೆಗಳಿಗೆ ತೂಕವಿದೆ, ತಲೆ ಕಾಯುವ ಹೇಲೊ ಚೌಕಟ್ಟಿಗೂ ತೂಕವಿದೆ. ಆದರೆ ಬ್ಯಾಟರಿ, ಹೈಬ್ರಿಡ್ ಇಂಜಿನ್, ದೊಡ್ಡ ಚಕ್ರ, ನೆಲಕ್ಕೆ ಒತ್ತುವ ಗಾಳಿಗಾಗಿ ಹಿಗ್ಗಿಸಿದ ಉದ್ದಗಲ — ಇವು ಯಾರ ಪ್ರಾಣ ಉಳಿಸಲೂ ಬಂದವಲ್ಲ.

ನಿಮ್ಮ ದೊಡ್ಡ ಆಕ್ಷೇಪ ಬೇರೆಯೇ ಇದೆ ಎಂದು ಬಲ್ಲೆ. ಅಪಾಯವೇ ಕೌಶಲವನ್ನು ತೂಗುವ ತಕ್ಕಡಿ, ಸಾಯುವ ಸಾಧ್ಯತೆ ಇಲ್ಲದಿದ್ದರೆ ಶೂರನಿಗೂ ಸಾಮಾನ್ಯನಿಗೂ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದು. ಕೇಳಲು ಗಂಭೀರವಾಗಿದೆ. ಸತ್ತವರ ಪಟ್ಟಿಯ ಮುಂದೆ ಹಿಡಿದರೆ ಮಾತ್ರ ನಿಲ್ಲುವುದಿಲ್ಲ. ಆ ಕಾಲದ ಅತಿ ಕುಶಲ ಚಾಲಕ ಯಾರೆಂದು ಕೇಳಿದರೆ ಸಹಚಾಲಕರೆಲ್ಲ ತೋರಿಸುತ್ತಿದ್ದುದು ಕ್ಲಾರ್ಕ್ ಕಡೆಗೆ. ಅವರು ಸತ್ತದ್ದು ನೇರದಾರಿಯಂಥ ಜಾಗದಲ್ಲಿ, ಹಿಂದಿನ ಟೈರು ಕೈಕೊಟ್ಟು ಎಂಬುದೇ ಬಹುಮಟ್ಟಿಗೆ ಒಪ್ಪಿತ ಕಾರಣ. 1970ರಲ್ಲಿ ಮಾಂಜಾದ ಅಭ್ಯಾಸದಲ್ಲಿ ಯೊಹೆನ್ ರಿಂಟ್ ಸತ್ತರು, ಬ್ರೇಕಿನ ಶಾಫ್ಟ್ ತುಂಡಾಗಿತ್ತು. ಆ ವರ್ಷದ ಚಾಂಪಿಯನ್ ಪಟ್ಟ ಸತ್ತವರ ಹೆಸರಿಗೇ ಹೋಯಿತು. 1960ರ ಸ್ಪಾದಲ್ಲಿ ಒಂದೇ ಮಧ್ಯಾಹ್ನ ಕ್ರಿಸ್ ಬ್ರಿಸ್ಟೊ ಮತ್ತು ಅಲನ್ ಸ್ಟೇಸಿ ಇಬ್ಬರೂ ಹೋದರು. ಸ್ಟೇಸಿಯ ಮುಖಕ್ಕೆ ಬಂದು ಬಡಿದದ್ದು ಒಂದು ಹಕ್ಕಿ. ಹಕ್ಕಿ ಯಾವ ಕೌಶಲವನ್ನು ತೂಗಿತು? ತಪ್ಪಿಗೆ ಬೆಲೆ ಇರಬೇಕು ಎನ್ನುವಷ್ಟರ ಮಟ್ಟಿಗೆ ನೀವು ಹೇಳುವುದು ನೂರಕ್ಕೆ ನೂರು ಸರಿ. ಗೆರೆ ದಾಟಿದರೂ ಟಾರಿನ ಬಯಲಿನಲ್ಲಿ ಆರಾಮವಾಗಿ ಸುತ್ತುಹಾಕಿ ಮತ್ತೆ ಬಂದು ಸೇರಿಕೊಳ್ಳುವ ಇಂದಿನ ಟ್ರ್ಯಾಕುಗಳು ನನಗೂ ಬೇಸರ ತರಿಸುತ್ತವೆ. ಆದರೆ ಬೆಲೆ ಎಂದರೆ ಪ್ರಾಣವೇ ಆಗಬೇಕಿಲ್ಲ. ಜಲ್ಲಿಯ ಹಾಸು ಸಾಕು. ಜಲ್ಲಿಗೆ ಇಳಿದವನ ರೇಸ್ ಅಲ್ಲಿಗೆ ಮುಗಿಯಿತು, ಆದರೆ ಸಂಜೆ ಹೋಟೆಲಿಗೆ ಹೋಗಿ ಊಟ ಮಾಡುತ್ತಾನೆ. ನೆದರ್‌ಲ್ಯಾಂಡ್ಸಿನ ಜಂಡ್‌ವೋರ್ಟ್ 2021ರಲ್ಲಿ ಮರಳಿ ಬಂದಾಗ ಓರೆಯಾದ ತಿರುವುಗಳ ಜೊತೆ ಜಲ್ಲಿಯನ್ನೂ ಇಟ್ಟುಕೊಂಡಿತು. 2022ರಲ್ಲಿ ಸ್ಪಾ ಕೂಡ ಹಲವು ಕಡೆ ಜಲ್ಲಿಯನ್ನು ವಾಪಸು ತಂದಿತು. ಎರಡನ್ನೂ ಅಲ್ಲಿ ಓಡುವ ಚಾಲಕರೇ ಮೆಚ್ಚಿಕೊಂಡರು.

ಇಲ್ಲೊಂದು ಕಡೆ ನಾನು ಸೋಲೊಪ್ಪಬೇಕು. 1971ರ ಮಾಂಜಾ. ಪೀಟರ್ ಗೆದಿನ್ ಗೆದ್ದದ್ದು ಸೆಕೆಂಡಿನ ನೂರನೆಯ ಒಂದು ಭಾಗದಿಂದ, ಮೊದಲ ಐವರ ನಡುವಿನ ಅಂತರ ಒಟ್ಟು 0.61 ಸೆಕೆಂಡು. ಒಬ್ಬರ ಗಾಳಿಯ ನೆರಳಿನಲ್ಲಿ ಇನ್ನೊಬ್ಬರು ನುಗ್ಗುತ್ತ, ಲ್ಯಾಪಿಗೊಮ್ಮೆ ಮುಂದಿನವರು ಬದಲಾಗುತ್ತ ನಡೆದ ಆಟ ಅದು. ಮರುವರ್ಷವೇ ಶಿಕೇನ್‌ಗಳು ಬಂದವು, ಆ ಆಟ ನಿಂತುಹೋಯಿತು. ಅದು ಶುದ್ಧಾಂಗವಾಗಿ ಸುರಕ್ಷತೆಯ ನಿರ್ಧಾರ, ಆದ ನಷ್ಟವೂ ನಿಜವಾದ ನಷ್ಟ. ಅದನ್ನು ಲೆಕ್ಕಕ್ಕೆ ಬರೆದುಕೊಳ್ಳುತ್ತೇನೆ. ಮುಳ್ಳು ಚುಚ್ಚದೆ ಎಲ್ಲ ಹೂವನ್ನೂ ಕೊಯ್ಯಬಹುದಿತ್ತು ಎಂದು ನಾನು ಹೇಳುತ್ತಿಲ್ಲ.

ಇನ್ನೊಂದು ವಾದ: ಚಾಲಕರು ತಿಳಿದೂ ಒಪ್ಪಿ ಹೋದವರು, ಅವರ ಪ್ರಾಣ ಅವರ ಇಷ್ಟ. ಒಪ್ಪಿಗೆಯ ಮಾತು ಎತ್ತಿದವರು ಟ್ರ್ಯಾಕಿನ ಅಂಚಿಗೆ ಕಣ್ಣು ಹಾಯಿಸುವುದಿಲ್ಲ. 1955ರ ಲೆ ಮಾನ್ಸ್‌ನಲ್ಲಿ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಆ ಆಘಾತಕ್ಕೆ ಸ್ವಿಟ್ಜರ್ಲೆಂಡ್ ಟ್ರ್ಯಾಕ್ ರೇಸುಗಳನ್ನೇ ನಿಷೇಧಿಸಿತು, ಬರ್ನ್ ಪಕ್ಕದ ಸುಂದರ ಬ್ರೆಮ್‌ಗಾರ್ಟನ್ ಟ್ರ್ಯಾಕು ಹಾಗೆ ಹೋದದ್ದು. 1957ರ ಮಿಲ್ಲೆ ಮಿಲ್ಯಾದಲ್ಲಿ ಡಿ ಪೋರ್ಟಾಗೊರ ಫೆರಾರಿಯ ಟೈರು ಸಿಡಿದು ರಸ್ತೆಬದಿಯ ಒಂಬತ್ತು ಜನ ಸತ್ತರು, ಅವರಲ್ಲಿ ಐವರು ಮಕ್ಕಳು. 1961ರ ಮಾಂಜಾದಲ್ಲಿ ಫಾನ್ ಟ್ರಿಪ್ಸ್ ಜೊತೆ ಹದಿನೈದು ಪ್ರೇಕ್ಷಕರು. ಆ ಮಕ್ಕಳು ಯಾವ ಕಾಗದಕ್ಕೆ ಸಹಿ ಹಾಕಿದ್ದರು? ಮಾರ್ಷಲುಗಳ ಕತೆ ಇನ್ನೂ ಕಡೆ. 1973ರ ಜಂಡ್‌ವೋರ್ಟ್‌ನಲ್ಲಿ ಮಗುಚಿ ಬಿದ್ದು ಉರಿಯುತ್ತಿದ್ದ ಕಾರಿನಡಿ ರೋಜರ್ ವಿಲಿಯಮ್ಸನ್ ಸಿಕ್ಕಿಕೊಂಡಿದ್ದರು. ಡೇವಿಡ್ ಪರ್ಲಿ ತಮ್ಮ ರೇಸನ್ನು ಬಿಟ್ಟು ಓಡಿಬಂದು ಒಬ್ಬರೇ ಕಾರನ್ನು ಎತ್ತಲು ಒದ್ದಾಡಿದರು. ಸುತ್ತ ನಿಂತ ಮಾರ್ಷಲುಗಳ ಮೈಮೇಲೆ ಬೆಂಕಿ ತಾಳುವ ಬಟ್ಟೆಯೇ ಇರಲಿಲ್ಲ, ಹತ್ತಿರ ಬರುವುದು ಹೇಗೆ? ಆ ಚಿತ್ರ ನೋಡಿ ಜನ ಮಾರ್ಷಲುಗಳನ್ನು ಶಪಿಸುತ್ತಾರೆ. ಬಟ್ಟೆ ಕೊಡದವರನ್ನು ಯಾರೂ ಶಪಿಸುವುದಿಲ್ಲ. ಇನ್ನು ಚಾಲಕರ ಒಪ್ಪಿಗೆಯೂ ನೀವೆಂದುಕೊಂಡಷ್ಟು ಸರಳವಲ್ಲ. 1969ರಲ್ಲಿ ಅವರು ಸ್ಪಾಕ್ಕೆ ಹೋಗಲೊಪ್ಪಲಿಲ್ಲ, ರೇಸು ರದ್ದಾಯಿತು. 1970ರಲ್ಲಿ ನ್ಯೂರ್‌ಬರ್ಗ್‌ರಿಂಗ್‌ಗೆ ಒಪ್ಪಲಿಲ್ಲ, ರೇಸು ಹಾಕನ್‌ಹೈಮ್‌ಗೆ ಹೋಯಿತು. 1975ರ ಬಾರ್ಸಿಲೋನದ ಮೊಂಜುಯಿಕ್ ಬೀದಿಯಲ್ಲಿ ತಡೆಬೇಲಿಯ ಬೋಲ್ಟುಗಳನ್ನು ಸರಿಯಾಗಿ ಬಿಗಿದಿಲ್ಲವೆಂದು ಕಂಡು ತಂಡಗಳ ಮೆಕ್ಯಾನಿಕ್‌ಗಳೇ ಸ್ಪ್ಯಾನರ್ ಹಿಡಿದು ಬಿಗಿಯಲು ಹೋದರು. ಎಮರ್ಸನ್ ಫಿಟ್ಟಿಪಾಲ್ಡಿ ರೇಸು ಬಿಟ್ಟು ಹೊರನಡೆದರು. ಉಳಿದವರು ಓಡಿದರು, ಸ್ಟೊಮ್ಮೆಲೆನ್ ಕಾರಿನ ರೆಕ್ಕೆ ಮುರಿದು, ಕಾರು ಬೇಲಿ ಹಾರಿ, ಆಚೆಗಿದ್ದವರು ಸತ್ತರು.

ಸ್ಟುವರ್ಟರಿಗೆ ಎದುರಾಗಿ ನೀವು ನಿಲ್ಲಿಸುವ ವೀರ ಜಾಕಿ ಇಕ್ಸ್. ಹಳೆಯ ಟ್ರ್ಯಾಕುಗಳ ಪರ ನಿಂತವರು, ಬಹಿಷ್ಕಾರಗಳನ್ನು ಒಪ್ಪದವರು, ಮಳೆಯಲ್ಲಿ ಓಡುವುದೆಂದರೆ ಹಬ್ಬ ಎನ್ನುವವರು. ಹಾಗಾದರೆ 1969ರ ಲೆ ಮಾನ್ಸ್ ನೆನಪಿಸಿಕೊಳ್ಳಿ. ಬಾವುಟ ಬಿದ್ದೊಡನೆ ಚಾಲಕರು ರಸ್ತೆ ದಾಟಿ ಓಡಿ, ಕಾರಿಗೆ ಹಾರಿ, ಬೆಲ್ಟ್ ಕಟ್ಟದೆ ಹೊರಡುವ ಪದ್ಧತಿ ಆಗ. ಇಕ್ಸ್ ಓಡಲಿಲ್ಲ, ನಡೆದರು. ನಿಧಾನವಾಗಿ ಫೋರ್ಡ್ ಜಿಟಿ40ಯೊಳಗೆ ಕೂತು, ಬೆಲ್ಟ್ ಬಿಗಿದುಕೊಂಡು, ಎಲ್ಲರೂ ಹೋದ ಮೇಲೆ ಹೊರಟರು. ಮೊದಲ ಲ್ಯಾಪಿನಲ್ಲೇ ಪೋರ್ಷೆ 917ರಲ್ಲಿದ್ದ ಜಾನ್ ವುಲ್ಫ್ ಸತ್ತರು, ಬೆಲ್ಟ್ ಕಟ್ಟಿರಲಿಲ್ಲ. ಇಪ್ಪತ್ನಾಲ್ಕು ಗಂಟೆಗಳ ನಂತರ ಇಕ್ಸ್ ಮತ್ತು ಜಾಕಿ ಆಲಿವರ್ ಜೋಡಿ ನೂರಿಪ್ಪತ್ತು ಮೀಟರಿನಷ್ಟು ಅಂತರದಲ್ಲಿ ಗೆದ್ದಿತು. ಮರುವರ್ಷ ಆ ಓಟದ ಆರಂಭ ಹೋಯಿತು. ಎಷ್ಟು ಚಂದದ ದೃಶ್ಯವಾಗಿತ್ತು ಅದು ಎಂದು ಇವತ್ತೂ ಹಲುಬುವವರಿದ್ದಾರೆ. ನಿಲ್ಲಿಸಿದ್ದು ನಿಮ್ಮದೇ ವೀರ.

ಹಾಗಾದರೆ ನೀವು ನಿಜವಾಗಿ ಕಳೆದುಕೊಂಡದ್ದೇನು? ನನ್ನ ಓದಿನ ಪ್ರಕಾರ ನೆಲ. ಹಳೆಯ ಟ್ರ್ಯಾಕುಗಳಲ್ಲಿ ಹೆಚ್ಚಿನವನ್ನು ಯಾರೂ ಕೂತು ಕಾಗದದ ಮೇಲೆ ಬಿಡಿಸಿರಲಿಲ್ಲ. ಹೊಳೆ ಎಲ್ಲಿ ತಿರುಗಿತೋ, ಗುಡ್ಡ ಎಲ್ಲಿ ಅಡ್ಡ ಬಂತೋ, ಎರಡು ಹಳ್ಳಿಗಳ ನಡುವೆ ಎತ್ತಿನ ಗಾಡಿ ಎಲ್ಲಿ ಸುತ್ತಿಹೋಯಿತೋ ಅದೇ ದಾರಿ. ಸ್ಪಾದ ಓ ರೂಜ್ ಎಂಬುದು ತಿರುವಿನ ಹೆಸರಾಗುವ ಮೊದಲು ತೊರೆಯ ಹೆಸರು. ಫ್ರಾನ್ಸಿನ ಶರಾದ್ ಟ್ರ್ಯಾಕು ಆರಿದ ಜ್ವಾಲಾಮುಖಿಯ ಮೈಮೇಲಿನ ರಸ್ತೆ, ರುಆನ್‌ನ ಹೇರ್‌ಪಿನ್ನಿಗೆ ಕಲ್ಲು ಹಾಸಿತ್ತು. ಸ್ಪಾ 1979ರಲ್ಲಿ ಹದಿನಾಲ್ಕರಿಂದ ಏಳು ಕಿಲೋಮೀಟರಿಗೆ ಇಳಿಯಿತು, ಅರ್ಧಕ್ಕರ್ಧ ಹೋಯಿತು. ಆದರೂ 1983ರಲ್ಲಿ ಗ್ರ್ಯಾನ್ ಪ್ರಿ ಮರಳಿ ಬಂದಾಗಿನಿಂದ ಇವತ್ತಿನವರೆಗೆ ಚಾಲಕರೂ ನೀವೂ ಅದನ್ನೇ ತಲೆಯ ಮೇಲೆ ಹೊರುತ್ತೀರಿ, ಏಕೆಂದರೆ ಹೊಸ ಭಾಗವನ್ನು ಜೋಡಿಸಿದವರು ಕಣಿವೆಯ ಇಳಿಜಾರಿಗೆ ಮರ್ಯಾದೆ ಕೊಟ್ಟರು. ಇದಕ್ಕೆ ತದ್ವಿರುದ್ಧ ಮರುಭೂಮಿಯಲ್ಲಿ, ಬಂದರಿನ ಪಕ್ಕದ ತುಂಬಿಸಿದ ಜಾಗದಲ್ಲಿ ಸರ್ಕಾರಿ ದುಡ್ಡಿನಿಂದ ಎದ್ದ ಟ್ರ್ಯಾಕುಗಳು. ನಮ್ಮ ನೋಯ್ಡಾ ಬಳಿಯ ಬುದ್ಧ ಸರ್ಕ್ಯೂಟಿಗೂ ಸಮತಟ್ಟು ನೆಲದ ಮೇಲೆ ಮಣ್ಣು ಸುರಿದೇ ಏರಿಳಿತ ತರಬೇಕಾಯಿತು. 2011ರಿಂದ 2013ರವರೆಗೆ ಮೂರು ಗ್ರ್ಯಾನ್ ಪ್ರಿ, ಮೂರನ್ನೂ ಗೆದ್ದದ್ದು ಫೆಟಲ್. ಆಮೇಲೆ ತೆರಿಗೆಯ ಜಗಳದಲ್ಲಿ ಗ್ರ್ಯಾನ್ ಪ್ರಿ ನಿಂತಿತು. ಚಾಲಕರಿಗೆ ಅದು ಹಿಡಿಸಿತ್ತು ಎಂಬುದನ್ನೂ ಹೇಳಬೇಕು, ಅಂದರೆ ಮಣ್ಣು ಸುರಿದಾದರೂ ನೆಲ ಏರಿಳಿದರೆ ಸಾಕು.

ನೆಲದ ಈ ವಾದಕ್ಕೆ ನಮ್ಮ ಕಡೆಯದೇ ಒಂದು ಅಪವಾದವಿದೆ, ಅದನ್ನು ಬಚ್ಚಿಡುವುದು ಸರಿಯಲ್ಲ. ಶೋಲಾವರಂ. ಮದ್ರಾಸಿನ ಉತ್ತರಕ್ಕೆ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ದಶಕಗಟ್ಟಲೆ ರೇಸು ನಡೆಸಿದರು. 1990ರಲ್ಲಿ ಇರುಂಗಾಟ್ಟುಕೋಟೈಯ ಹೊಸ ಟ್ರ್ಯಾಕು ಬಂದ ಮೇಲೆ ಅದು ಹಿಂದೆ ಸರಿಯಿತು. ಬೆಂಗಳೂರಿನಿಂದ ಹೋಗಿಬರುತ್ತಿದ್ದ ಪೀಳಿಗೆ ಇವತ್ತೂ ಆ ಹೆಸರು ಕೇಳಿದರೆ ಕಣ್ಣರಳಿಸುತ್ತದೆ. ಅಂಗೈಯಷ್ಟು ಚಪ್ಪಟೆ ಜಾಗ, ಗುಡ್ಡವಿಲ್ಲ, ತೊರೆಯಿಲ್ಲ, ಕಾಡಿಲ್ಲ. ಹಾಗಾದರೆ ಪ್ರೀತಿ ಯಾವುದಕ್ಕೆ? ಹತ್ತಿರಕ್ಕೆ ಎಂದು ಕಾಣುತ್ತದೆ. ಮನೆಯ ಅಂಗಳದಲ್ಲಿ ಬಿಚ್ಚಿ ಜೋಡಿಸಿದ ಫಿಯೆಟ್ಟು, ಹೆರಾಲ್ಡುಗಳ ಪಕ್ಕದಲ್ಲೇ ವಿಜಯ್ ಮಲ್ಯ ತಂದ ಎನ್‌ಸೈನ್ ಫಾರ್ಮುಲಾ ಒನ್ ಕಾರೂ ಓಡಿದ ಜಾಗ ಅದು. ಎರಡನ್ನೂ ಒಂದೇ ದಿನ ಕೈಯಳತೆಯಲ್ಲಿ ನೋಡಬಹುದಿತ್ತು. ಕಾರಿನ ಹೊಟ್ಟೆ ತೆರೆದಿಟ್ಟಾಗ ಬಗ್ಗಿ ಇಣುಕುವ ಆ ಸಲುಗೆ ಹೋದದ್ದಕ್ಕೆ ಅರ್ಧ ಕಾರಣ ಸುರಕ್ಷತೆಯ ಬೇಲಿ, ಇನ್ನರ್ಧ ಸಾವಿರಾರು ರೂಪಾಯಿಯ ಪಾಸು. ಎರಡನೆಯದರ ಬಗ್ಗೆ ನೀವು ಬಾಯಿಬಿಟ್ಟದ್ದು ನಾನು ಕೇಳಿಲ್ಲ.

ದೂರನ್ನು ಸರಿಯಾದ ವಿಳಾಸಕ್ಕೆ ಕಳಿಸಿದರೆ ಕೆಲಸವಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. ಕಾರು ತೀರಾ ದೊಡ್ಡದಾಯಿತು ಎಂದು ಚಾಲಕರೂ ನೋಡುಗರೂ ವರ್ಷಾನುಗಟ್ಟಲೆ ಗೊಣಗಿದ ಮೇಲೆ 2026ರ ನಿಯಮಗಳಲ್ಲಿ ಕನಿಷ್ಠ ತೂಕ 768 ಕಿಲೋಗೆ ಇಳಿಯಿತು, ಅಗಲ ಹತ್ತು ಸೆಂಟಿಮೀಟರ್ ಕಡಿಮೆಯಾಯಿತು. ಚಿಕ್ಕ ಹೆಜ್ಜೆ, ಆದರೆ ತಿರುಗಿದ ಮುಖ ಸರಿಯಾದ ದಿಕ್ಕಿಗೆ. ರೀಮ್ಸ್‌ನಲ್ಲಿ 1966ರ ನಂತರ ಗ್ರ್ಯಾನ್ ಪ್ರಿ ನಡೆದಿಲ್ಲ. ಆದರೂ ರಸ್ತೆಬದಿಯ ಪಿಟ್ ಕಟ್ಟಡ, ಎದುರಿನ ಮೆಟ್ಟಿಲಸಾಲು ಇವತ್ತೂ ನಿಂತಿವೆ, ಏಕೆಂದರೆ ಊರಿನ ಅಭಿಮಾನಿಗಳು ಒಂದು ಸಂಘ ಕಟ್ಟಿ, ಕೈಯಾರೆ ಕಳೆ ಕಿತ್ತು, ಬಣ್ಣ ಬಳಿದರು. ರುಆನ್‌ನಲ್ಲಿ ಹಾಗಾಗಲಿಲ್ಲ, 1999ರಲ್ಲಿ ಪಿಟ್‌ಗಳನ್ನು ಉರುಳಿಸಿದರು. ಇಂಗ್ಲೆಂಡಿನ ಗುಡ್‌ವುಡ್ಡನ್ನು ಕಾರುಗಳ ವೇಗ ಮೀರಿತೆಂದು 1966ರಲ್ಲಿ ಮುಚ್ಚಿದರು. ಒಂದೂ ತಿರುವು ಕೆಡಿಸದೆ ಮೂವತ್ತೆರಡು ವರ್ಷ ಕಾದು 1998ರಲ್ಲಿ ಆ ಕಾಲದ ಕಾರುಗಳಿಗಾಗಿಯೇ ತೆರೆದರು. ಅಲ್ಲೂ ಮಣ್ಣಿನ ದಿಬ್ಬಗಳನ್ನು, ವೈದ್ಯರನ್ನು, ಬೆಂಕಿಯವರನ್ನು ಹೊಸ ಕಾಲದ ಅಳತೆಗೇ ಇಟ್ಟಿದ್ದಾರೆ. ಅದರಿಂದ ಹಳೆಯ ಜಾಗ್ವಾರಿನ ಸದ್ದೇನೂ ಕುಗ್ಗಿಲ್ಲ.

ಒಂದು ವಿನಂತಿ ಮಾತ್ರ ಉಳಿದಿದೆ. ನಿಮ್ಮ ಮಾತುಕತೆಯಲ್ಲಿ ತಪ್ಪದೆ ಬರುವ ಹೆಸರು ಸ್ಟೆಫಾನ್ ಬೆಲ್ಲೋಫ್. 1983ರ ಮೇನಲ್ಲಿ ಪೋರ್ಷೆ 956ರಲ್ಲಿ ನ್ಯೂರ್‌ಬರ್ಗ್‌ರಿಂಗ್‌ನ ಉತ್ತರ ಸುತ್ತನ್ನು 6 ನಿಮಿಷ 11.13 ಸೆಕೆಂಡಿನಲ್ಲಿ ಸುತ್ತಿದವರು. 2018ರಲ್ಲಿ ಯಾವ ರೇಸಿನ ನಿಯಮಕ್ಕೂ ಕಟ್ಟುಬೀಳದ ಪೋರ್ಷೆಯೊಂದು ಮುರಿಯುವವರೆಗೆ ಮೂವತ್ತೈದು ವರ್ಷ ಆ ಅಂಕಿಯನ್ನು ಯಾರೂ ದಾಟಲಿಲ್ಲ. ನೀವು ಆ ಕತೆಯನ್ನು ಅಲ್ಲಿಗೇ ನಿಲ್ಲಿಸುತ್ತೀರಿ. 1985ರ ಸೆಪ್ಟೆಂಬರ್ 1ರಂದು ಸ್ಪಾದಲ್ಲಿ, ಏಳು ಕಿಲೋಮೀಟರಿನ ಹೊಸ ಸ್ಪಾದಲ್ಲಿ, ಓ ರೂಜ್ ತಿರುವಿನಲ್ಲಿ ಮುಂದಿನ ಪೋರ್ಷೆಯನ್ನು ಹಿಂದಿಕ್ಕಲು ಹೋಗಿ ಎರಡೂ ಕಾರುಗಳು ತಾಗಿದವು; ಬೆಲ್ಲೋಫ್ ಸತ್ತರು, ಇಪ್ಪತ್ತೇಳು ವರ್ಷ. ಮುಂದಿನ ಕಾರಿನಲ್ಲಿದ್ದವರು ಜಾಕಿ ಇಕ್ಸ್. ಆ ಋತುವಿನ ಕೊನೆಗೆ ಅವರು ಟ್ರ್ಯಾಕ್ ರೇಸುಗಳನ್ನು ಬಿಟ್ಟರು. ಮುಂದಿನ ಸಲ 6 ನಿಮಿಷ 11 ಸೆಕೆಂಡಿನ ಕತೆ ಹೇಳುವಾಗ ಇದನ್ನೂ ಸೇರಿಸಿ ಹೇಳಿ, ಕೇಳುವವರು ಎದ್ದುಹೋಗುವುದಿಲ್ಲ.

ಇಂತಿ,
ನಿಮ್ಮ ಬಳಗದವನೇ ಆದ ಒಬ್ಬ